ಟ್ಯಾಂಕ್ ಇಲ್ಲದ ಗೀಸರ್ ಕೊಳ್ಳುವ ಮೊದಲು: ನಮ್ಮ ಮನೆಯಲ್ಲಿ ಆದದ್ದು

ಟ್ಯಾಂಕ್ ಇಲ್ಲದ ಗೀಸರ್ (ನೀರನ್ನು ತುಂಬಿಡದೆ, ಹರಿಯುವಾಗಲೇ ಕಾಯಿಸುವ ಇನ್‌ಸ್ಟಂಟ್ ಗೀಸರ್) ಹಾಕಿಸಬೇಕೆಂದು ಯೋಚಿಸುತ್ತಿರುವವರು ಮುಂಗಡ ಕೊಡುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಬೆಂಗಳೂರಿನ ನಾಗರಬಾವಿಯ ನಮ್ಮ ಮನೆಗೆ ಅದನ್ನು ಮಾರಿದ ಅಂಗಡಿಯವರು, ನಲ್ಲಿ ತಿರುಗಿಸಿದೊಡನೆ ಬಿಸಿನೀರು ಬರುತ್ತದೆ, ಕರೆಂಟ್ ಬಿಲ್ಲು ಅರ್ಧಕ್ಕಿಳಿಯುತ್ತದೆ ಎಂದು ನಂಬಿಸಿದರು. ಮನೆಗೆ ಮಂಜೂರಾದ ವಿದ್ಯುತ್ ಲೋಡ್ (ಒಮ್ಮೆಗೆ ಎಳೆಯಲು ಒಪ್ಪಿಗೆಯಿರುವ ವಿದ್ಯುತ್) ಎಷ್ಟು, ಓವರ್‌ಹೆಡ್ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ, ಬರುವುದು ಕಾವೇರಿ ನೀರೋ ಬೋರ್‌ವೆಲ್ ನೀರೋ ಎಂಬುದನ್ನು ಅವರು ಕೇಳಲೇ ಇಲ್ಲ.

ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು, ಮತ್ತು ಯಾವ ಕಂಪನಿಯೂ ಇದನ್ನು ಕಡಿಮೆ ಮಾಡಲಾರದು. ಡಿಸೆಂಬರ್ ಬೆಳಗಿನ 20 ಡಿಗ್ರಿಯ ನೀರನ್ನು 40 ಡಿಗ್ರಿಗೆ ಏರಿಸಿ ಶವರ್‌ನಲ್ಲಿ ನಿಮಿಷಕ್ಕೆ 6 ಲೀಟರ್‌ನಂತೆ ಬಿಡಬೇಕಾದರೆ 8 ಕಿಲೋವ್ಯಾಟ್‌ಗೂ ಹೆಚ್ಚು, ಅಂದರೆ 230 ವೋಲ್ಟ್‌ನಲ್ಲಿ ಸುಮಾರು 36 ಆಂಪಿಯರ್ ವಿದ್ಯುತ್ ಎಳೆಯಬೇಕಾಗುತ್ತದೆ. ನಮ್ಮ ಬೆಸ್ಕಾಂ ಬಿಲ್ಲಿನ ಮೇಲೆ ಅಚ್ಚಾಗಿರುವ ಮಂಜೂರಾದ ಲೋಡ್ 3 ಕಿಲೋವ್ಯಾಟ್. ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿಯೇ ಕರೆಂಟ್ ಕಡಿಯುವ ಸ್ವಿಚ್) ಪದೇಪದೇ ಬೀಳುತ್ತಿದೆ ಎಂದು ದೂರಿದಾಗ ಅಂಗಡಿಯಿಂದ ಬಂದವರು ತಂತಿಯನ್ನು ಬದಲಿಸದೆ, ಇದ್ದ ಎಂಸಿಬಿ ತೆಗೆದು ಇನ್ನೂ ದೊಡ್ಡದನ್ನು ಹಾಕಿ ಹೋದರು. ಎಂಸಿಬಿ ಇರುವುದೇ ತಂತಿ ಅತಿಯಾಗಿ ಬಿಸಿಯಾಗದಂತೆ ತಡೆಯಲು; ಸಣ್ಣ ತಂತಿಗೆ ದೊಡ್ಡ ಎಂಸಿಬಿ ಹಾಕಿದರೆ ಆ ಕಾವಲು ಇಲ್ಲವಾಗುತ್ತದೆ. ಕೆಲವೇ ದಿನಗಳಲ್ಲಿ ಮೀಟರ್ ಬೋರ್ಡಿನ ಬಳಿ ತಂತಿಯ ಹೊದಿಕೆ ಕರಗಿ ಸುಟ್ಟ ವಾಸನೆ ಬಂತು.

ಬಿಲ್ಲು ಅರ್ಧವಾಗುತ್ತದೆಂಬ ಮಾತೂ ಸುಳ್ಳು. 30 ಲೀಟರ್ ನೀರನ್ನು 20 ಡಿಗ್ರಿ ಏರಿಸಲು ಟ್ಯಾಂಕ್ ಇದ್ದರೂ ಇಲ್ಲದಿದ್ದರೂ ಸುಮಾರು 0.7 ಯೂನಿಟ್ ಬೇಕು. ಉಳಿತಾಯವಾಗುವುದು ಟ್ಯಾಂಕಿನಲ್ಲಿ ನಿಂತ ನೀರು ಆರಿ ಕಳೆದುಕೊಳ್ಳುವ ಶಾಖ ಮಾತ್ರ. ಸ್ನಾನಕ್ಕೆ ಸ್ವಲ್ಪ ಮುಂಚೆ ಸ್ವಿಚ್ ಹಾಕಿ, ಆದಮೇಲೆ ಆರಿಸುವ ಮನೆಗಳಲ್ಲಿ ಅದು ಅಲ್ಪವೇ. 3 ಕಿಲೋವ್ಯಾಟ್‌ನ ಚಿಕ್ಕ ಇನ್‌ಸ್ಟಂಟ್ ಗೀಸರ್ ಅಷ್ಟೇ ಬಿಸಿಯ ನೀರನ್ನು ನಿಮಿಷಕ್ಕೆ 2 ಲೀಟರ್‌ಗಿಂತ ತುಸು ಹೆಚ್ಚು ಕೊಡಬಲ್ಲದು, ಹಾಗಾಗಿ ಅದು ಅಡುಗೆಮನೆಯ ಸಿಂಕಿಗೆ ಸರಿ, ಶವರ್‌ಗೆ ಸಾಲದು.

ಇದಾದ ಮೇಲೆ ನಡೆದದ್ದನ್ನು ಬರೆಯುವುದು ನನಗೆ ಕಷ್ಟ. ಹಣ ವಾಪಸು ಕೇಳಿದ್ದಕ್ಕೆ ಅಂಗಡಿಯವರು ಅದರ ಬದಲಿಗೆ ಟ್ಯಾಂಕ್ ಇಲ್ಲದ ಗ್ಯಾಸ್ ಗೀಸರ್ ಕೊಟ್ಟು, ಅದನ್ನು ಬಚ್ಚಲುಮನೆಯ ಒಳಗೋಡೆಗೇ ಕೂರಿಸಿದರು. ಅದರ ಜ್ವಾಲೆ ಅಡುಗೆ ಒಲೆಯ ನಾಲ್ಕೈದು ಬರ್ನರ್‌ಗಳಷ್ಟು ದೊಡ್ಡದು, ಉರಿಯಲು ಬೇಕಾದ ಆಮ್ಲಜನಕವನ್ನು ಅದು ಸ್ನಾನ ಮಾಡುವವರು ಉಸಿರಾಡುವ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಚಳಿಯೆಂದು ವೆಂಟಿಲೇಟರ್ ಮುಚ್ಚಿದರೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರಿನ ಅನಿಲಕ್ಕೆ ಸೋರಿಕೆ ತಿಳಿಯಲೆಂದೇ ವಾಸನೆ ಬೆರೆಸಿರುತ್ತಾರೆ, ಆದರೆ ಈ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ, ಹಾಗಾಗಿ ರಕ್ತ ದೇಹಕ್ಕೆ ಸಾಕಷ್ಟು ಆಮ್ಲಜನಕ ಒಯ್ಯಲಾರದು. ಸ್ನಾನಕ್ಕೆ ಹೋದ ನಮ್ಮ ತಾಯಿ ಕುಸಿದು ಬಿದ್ದ ಸದ್ದು ಹೊರಗೆ ಕೇಳಿಸಿದ್ದರಿಂದ ನಾವು ಚಿಲಕ ಒಡೆದು ಅವರನ್ನು ಹೊರಗೆ ತಂದೆವು. ಬೆರಳಿಗೆ ಹಾಕುವ ಆಕ್ಸಿಮೀಟರ್ ಆಗಲೂ ಆಮ್ಲಜನಕ ಸರಿಯಾಗಿದೆ ಎಂದೇ ತೋರಿಸುತ್ತಿತ್ತು. ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನು ಆ ಸಾಧನ ಬೇರೆಯೆಂದು ಗುರುತಿಸಲಾರದು. ಆಸ್ಪತ್ರೆಯ ರಕ್ತಪರೀಕ್ಷೆಯಲ್ಲಿ ಕಾರಣ ತಿಳಿಯಿತು, ಆಮ್ಲಜನಕ ಕೊಟ್ಟ ಮೇಲೆ ಅವರು ಚೇತರಿಸಿಕೊಂಡರು. ಯಾರಿಗಾದರೂ ಸ್ನಾನದ ಮನೆಯಲ್ಲಿ ತಲೆಸುತ್ತು, ವಾಕರಿಕೆ ಅಥವಾ ತಲೆನೋವು ಬಂದರೆ ಮೊದಲು ಅವರನ್ನು ಹೊರಗಿನ ಗಾಳಿಗೆ ತನ್ನಿ, ಮತ್ತು ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯೆಂದು ವೈದ್ಯರಿಗೆ ತಪ್ಪದೆ ಹೇಳಿ.

ಗ್ಯಾಸ್ ಗೀಸರೇ ಬೇಕೆನ್ನುವವರು ಯಂತ್ರವನ್ನೂ ಸಿಲಿಂಡರನ್ನೂ ಗಾಳಿಯಾಡುವ ಹೊರಜಾಗದಲ್ಲಿ ಇರಿಸಿ, ಒಳಗೆ ಬಿಸಿನೀರಿನ ಕೊಳವೆ ಮಾತ್ರ ಬರುವಂತೆ ಮಾಡಿಸಬೇಕು. ನೀರಿನ ಒತ್ತಡವನ್ನೂ ನೋಡಬೇಕು: 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ, ಹಾಗಾಗಿ ಶವರ್‌ಗಿಂತ 3 ಮೀಟರ್ ಮೇಲಿರುವ ಟ್ಯಾಂಕಿನಿಂದ 0.3 ಬಾರ್ ಮಾತ್ರ. ಯಂತ್ರಕ್ಕೆ ಬೇಕಾದ ಕನಿಷ್ಠ ಒತ್ತಡ ಅದಕ್ಕಿಂತ ಹೆಚ್ಚಿದ್ದರೆ ಅದು ಹೊತ್ತಿಕೊಳ್ಳುವುದೇ ಇಲ್ಲ. ಗಡಸು ಬೋರ್‌ವೆಲ್ ನೀರಾದರೆ ಒಳಗಿನ ಕಿರಿದಾದ ಕೊಳವೆಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ.

ನಾವು ಎರಡನ್ನೂ ತೆಗೆಸಿ 15 ಲೀಟರಿನ, 2 ಕಿಲೋವ್ಯಾಟ್‌ನ ಸಾಧಾರಣ ಟ್ಯಾಂಕ್ ಗೀಸರ್ ಹಾಕಿಸಿದ್ದೇವೆ; ಸುಮಾರು 20 ನಿಮಿಷದಲ್ಲಿ ನೀರು 60 ಡಿಗ್ರಿಗೆ ಕಾಯುತ್ತದೆ, ತಂತಿಗೂ ಅಷ್ಟು ಹೊರೆಯಿಲ್ಲ. ಅಂಗಡಿಯವರು ಇನ್ನೂ ಹಣ ಹಿಂದಿರುಗಿಸಿಲ್ಲ, 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇವೆ. ನೀವು ಕೊಳ್ಳುವಾಗ ಯಂತ್ರ ಎಷ್ಟು ಕಿಲೋವ್ಯಾಟ್‌ನದು, ಅದಕ್ಕೆ ಬೇಕಾದ ತಂತಿಯ ಗಾತ್ರ ಎಷ್ಟು, ಕನಿಷ್ಠ ಒತ್ತಡ ಎಷ್ಟು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿ, ಕೂರಿಸಿದವರ ಸಹಿಯನ್ನೂ ಹಾಕಿಸಿಕೊಳ್ಳಿ.