ಕೆಲವು ಮಳೆಗಾಲ ಕಂಡ ಜಿಪಿಎಸ್ ಸೆಟ್: ಲೊಕೇಶನ್ ತಪ್ಪಿದಾಗ ಎಲ್ಲೆಲ್ಲಿ ನೋಡಬೇಕು

ಬಟನ್ ಇರುವ, ಎರಡು ಪೆನ್‌ಸೆಲ್ ಹಾಕುವ, ತಲೆಯ ಮೇಲೆ ಮೊಂಡು ಆಂಟೆನಾ ಇರುವ ಸೆಟ್ ಇದು. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್ ಉಪಗ್ರಹಗಳನ್ನೂ ಹಿಡಿಯುತ್ತದೆ. ಆದರೆ ಎಲ್1 ಎಂಬ ಒಂದೇ ತರಂಗಾಂತರದಲ್ಲಿ. ಕಂಪನಿ, ಮಾಡೆಲ್ ಹೆಸರು ಬರೆಯುತ್ತಿಲ್ಲ. ಕೆಳಗೆ ಹೇಳುವ ತೊಂದರೆಗಳಲ್ಲಿ ಬಹುಪಾಲು ಈ ವರ್ಗದ ಯಾವ ಸೆಟ್‌ಗಾದರೂ ಬರುವಂಥವೇ.

ನನ್ನ ಉಪಯೋಗ ಟ್ರೆಕ್ಕಿಂಗ್ ಅಲ್ಲ. ಶಿರಸಿ, ಸಿದ್ದಾಪುರದ ಕಡೆ ಅಘನಾಶಿನಿಯ ದಂಡೆಯಲ್ಲೂ ಅದಕ್ಕೆ ಸೇರುವ ಹಳ್ಳಗಳ ಬದಿಯಲ್ಲೂ ಇರುವ ಕಾಡು ಅಪ್ಪೆಮಿಡಿ ಮರಗಳನ್ನು ಗುರುತು ಹಾಕಿಕೊಳ್ಳುವುದು. ಒಂದು ಮರದ ಮಿಡಿಗೆ ಜೀರಿಗೆ ಪರಿಮಳ, ಇಪ್ಪತ್ತು ಮಾರು ಆಚೆಯದು ಬರೀ ಹುಳಿ. ಕಸಿಗೆ ಕಡ್ಡಿ ತರಲು ಮತ್ತೆ ಹೋದಾಗ ಅದೇ ಮರದ ಬುಡಕ್ಕೇ ಹೋಗಬೇಕು. ‘ಅಲ್ಲೇ ಎಲ್ಲೋ’ ಅಂದರೆ ಆಗುವುದಿಲ್ಲ.

ಸೆಟ್ ಕೈಕೊಟ್ಟದ್ದೂ ಅಲ್ಲೇ. ಹೊಳೆಯ ಈಚೆ ದಂಡೆಯಲ್ಲಿ ಗುರುತು ಹಾಕಿದ ಮರ ಮುಂದಿನ ಮಿಡಿಕಾಲಕ್ಕೆ ಸ್ಕ್ರೀನಿನಲ್ಲಿ ಆಚೆ ದಂಡೆಯಲ್ಲಿತ್ತು. ಮಿಡಿ ಕೊಯ್ಯಲು ಜೊತೆಗೆ ಬಂದವರು, ‘ಎಂತ ಮಾರಾಯ್ರೆ, ಮರ ಹೊಳೆ ದಾಟಿ ಹೋಯ್ತಾ?’ ಅಂದರು. ಸರ್ವೀಸ್ ಸೆಂಟರಿಗೆ ಫೋನ್ ಮಾಡಿದರೆ ಒಂದೇ ಮಂತ್ರ: ಫ್ಯಾಕ್ಟರಿ ರೀಸೆಟ್ ಮಾಡಿ. ಮಾಡಿದ್ದಾಯಿತು, ಮರ ಆಚೆ ದಂಡೆಯಲ್ಲೇ ಉಳಿಯಿತು.

ಬಹಳ ದಿನ ಗಮನಿಸಿದ ಮೇಲೆ ಒಂದು ವಿಷಯ ಕಂಡಿತು. ಮರಗಳು ಹೊಳೆ ದಾಟುತ್ತಿದ್ದವೇ ಹೊರತು ಹೊಳೆಯುದ್ದಕ್ಕೆ ಮೇಲಕ್ಕೋ ಕೆಳಕ್ಕೋ ಅಷ್ಟಾಗಿ ಸರಿಯುತ್ತಿರಲಿಲ್ಲ. ಕಾರಣ ಸೆಟ್ಟಿನಲ್ಲಿಲ್ಲ, ಕಣಿವೆಯಲ್ಲಿದೆ. ಎರಡೂ ಕಡೆ ಗುಡ್ಡ ಎದ್ದು ನಿಂತಲ್ಲಿ ಕಾಣುವ ಆಕಾಶ ಹೊಳೆಯುದ್ದದ ಒಂದು ಪಟ್ಟಿ ಮಾತ್ರ. ಸಿಕ್ಕ ಉಪಗ್ರಹಗಳೆಲ್ಲ ಆ ಪಟ್ಟಿಯಲ್ಲೇ ಸಾಲುಗಟ್ಟಿರುತ್ತವೆ. ಹಾಗಾಗಿ ಉದ್ದಕ್ಕೆ ಲೆಕ್ಕ ಚೆನ್ನಾಗಿ ಸಿಗುತ್ತದೆ, ಅಡ್ಡಕ್ಕೆ ಎಳೆದು ಹಿಡಿಯುವ ಉಪಗ್ರಹವೇ ಇರುವುದಿಲ್ಲ. ಸಾಲದ್ದಕ್ಕೆ ಎದುರಿನ ಬಂಡೆಗೆ ಬಡಿದು ಬರುವ ಸಿಗ್ನಲ್ ಬೇರೆ. ಬಳಸಿ ಬಂದ ಸಿಗ್ನಲ್ ತಡವಾಗಿ ಬರುತ್ತದೆ. ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ತಡವಾದರೂ ದೂರದ ಲೆಕ್ಕದಲ್ಲಿ 30 ಸೆಂಟಿಮೀಟರ್ ತಪ್ಪುತ್ತದೆ.

ಇದಕ್ಕೆ ಸೆಟ್ಟಿಂಗಿನಲ್ಲಿ ಮದ್ದಿಲ್ಲ, ಹೋಗುವ ಹೊತ್ತಿನಲ್ಲಿದೆ. ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿ ಹನ್ನೆರಡು ಗಂಟೆಗೆ ಸ್ವಲ್ಪ ಕಡಿಮೆ ಹೊತ್ತಿನಲ್ಲಿ ಒಂದು ಸುತ್ತು ಹಾಕುತ್ತವೆ. ಒಂದು ಜಾಗದಿಂದ ಕಾಣುವ ಅವುಗಳ ಜೋಡಣೆ ಮರುದಿನ ಸುಮಾರು ನಾಲ್ಕು ನಿಮಿಷ ಮೊದಲೇ ಮರುಕಳಿಸುತ್ತದೆ. ಅಂದರೆ ದಿನಾ ಬೆಳಗ್ಗೆ ಒಂಬತ್ತಕ್ಕೆ ಹೋದರೆ ದಿನಾ ಅದೇ ಕೆಟ್ಟ ಜೋಡಣೆ, ಅದೇ ಬಗೆಯ ತಪ್ಪು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಊಟ ಮುಗಿಸಿ ಮತ್ತೊಮ್ಮೆ ಅಳೆದು ಸರಾಸರಿ ಮಾಡಿದರೆ ಗುರುತು ದಂಡೆಗೆ ಮರಳುತ್ತದೆ. ಸೆಟ್ಟಿನಲ್ಲೇ ವೇಪಾಯಿಂಟ್ ಆವರೇಜಿಂಗ್, ಅಂದರೆ ಒಂದೇ ಗುರುತನ್ನು ಹಲವು ಸಲ ಅಳೆದು ಸರಾಸರಿ ತೆಗೆಯುವ ಸೌಲಭ್ಯ, ಇದೆ. ನಿಂತಲ್ಲೇ ಐದು ನಿಮಿಷ ನಿಂತು ಮುಗಿಸುವುದಕ್ಕಿಂತ ಒಂದೂವರೆ ಗಂಟೆ ಬಿಟ್ಟು ಮತ್ತೆ ಅಳೆದರೆ ಅದರ ನಿಜವಾದ ಲಾಭ. ಮಳೆಗಾಲದಲ್ಲಿ, ಉಂಬಳ ಕಾಲಿಗೆ ಹತ್ತುವ ಜಾಗದಲ್ಲಿ, ಎರಡನೇ ಸಲ ಬಾ ಅಂದರೆ ಯಾರೂ ಬರುವುದಿಲ್ಲ, ಅದು ಬೇರೆ ಮಾತು. ಆಗ ಹತ್ತಿರದ ತೆರಪಿನಲ್ಲಿ ಪಾಯಿಂಟ್ ಹಾಕಿ, ಮರ ಯಾವ ದಿಕ್ಕಿಗೆ ಎಷ್ಟು ಹೆಜ್ಜೆ ಅಂತ ನೋಟ್ಸಿನಲ್ಲಿ ಬರೆಯುತ್ತೇನೆ. ಒದ್ದೆ ಎಲೆಯ ಚಪ್ಪರದಡಿ ನಿಂತು ಅಳೆಯುವುದಕ್ಕಿಂತ ಇದು ವಾಸಿ. ನೀರು ಈ ಸಿಗ್ನಲ್ಲನ್ನು ಚೆನ್ನಾಗಿಯೇ ಹೀರುತ್ತದೆ.

ಮನುಷ್ಯನ ಮೈಯೂ ಹೆಚ್ಚಿನಂಶ ನೀರೇ. ಪ್ಯಾಂಟಿನ ಜೇಬಿನಲ್ಲಿಟ್ಟು ನಡೆದರೆ ಅರ್ಧ ಆಕಾಶ ಸೊಂಟದ ಹಿಂದೆ ಅಡಗುತ್ತದೆ. ಬ್ಯಾಗಿನ ಭುಜದ ಪಟ್ಟಿಗೆ ಕ್ಲಿಪ್ ಮಾಡಿದ ಮೇಲೆ ನನ್ನ ಟ್ರ್ಯಾಕ್‌ನ ಅಂಕುಡೊಂಕು ಎಷ್ಟೋ ಇಳಿಯಿತು. ಹಿಡಿಯುವ ರೀತಿಯೂ ಮುಖ್ಯ. ಮೊಂಡು ಆಂಟೆನಾದ ಸೆಟ್ಟನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಬೇಕು, ಚಪ್ಪಟೆ ಆಂಟೆನಾದ್ದನ್ನು ಅಂಗೈಯಲ್ಲಿ ಆಕಾಶಕ್ಕೆ ಮುಖ ಮಾಡಿ ಮಲಗಿಸಬೇಕು. ಆನ್ ಮಾಡಿದ ತಕ್ಷಣ ಪಾಯಿಂಟ್ ಹಾಕಬೇಡಿ. ಒಂದು ಉಪಗ್ರಹದ ಕಕ್ಷೆಯ ಮಾಹಿತಿ ಪೂರ್ತಿ ಇಳಿಯಲು ತಡೆಯಿಲ್ಲದೆ 30 ಸೆಕೆಂಡ್ ಬೇಕು, ತಿಂಗಳುಗಟ್ಟಲೆ ಬೀರುವಿನಲ್ಲಿದ್ದ ಸೆಟ್ಟಿಗೆ ಇಡೀ ಅಲ್ಮನಾಕ್ (ಎಲ್ಲ ಉಪಗ್ರಹಗಳ ಸ್ಥೂಲ ಪಂಚಾಂಗ) ಇಳಿಯಲು ಹನ್ನೆರಡೂವರೆ ನಿಮಿಷ. ನಾನು ಮನೆಯಂಗಳದಲ್ಲೇ ಆನ್ ಮಾಡಿ ಗೇಟಿನ ಕಂಬದ ಮೇಲಿಟ್ಟು ಚಾ ಕುಡಿಯಲು ಒಳಗೆ ಹೋಗುತ್ತೇನೆ.

ಸೆಟ್ಟಿಂಗುಗಳಿಗೆ ಬರೋಣ. ‘ಲಾಕ್ ಆನ್ ರೋಡ್’ ಆನ್ ಇದ್ದರೆ ನೀವು ತೋಟದಲ್ಲಿ ನಿಂತರೂ ಬಾಣವನ್ನು ಹತ್ತಿರದ ರಸ್ತೆಗೆ ಎಳೆದು ಕೂರಿಸುತ್ತದೆ. ಕಾಡಿನಲ್ಲಿ ಅದು ಆಫ್ ಇರಲಿ. ಬ್ಯಾಟರಿ ಸೇವ್ ಮೋಡೂ ಬೇಡ. ರೀಚಾರ್ಜ್ ಸೆಲ್ ಹಾಕಿದರೆ ಸೆಲ್ಲಿನ ಜಾತಿಯನ್ನು ಸೆಟ್ಟಿಗೆ ತಿಳಿಸಿ, ಇಲ್ಲದಿದ್ದರೆ 1.2 ವೋಲ್ಟ್ ನೋಡಿ ಬ್ಯಾಟರಿ ಮುಗಿಯಿತೆಂದು ಮೊದಲೇ ಗೋಳಾಡುತ್ತದೆ.

ಹೆಚ್ಚು ಕಾಡುವುದು ಡೇಟಮ್, ಅಂದರೆ ಅಕ್ಷಾಂಶ ರೇಖಾಂಶಗಳ ಲೆಕ್ಕಕ್ಕೆ ಹಿಡಿದ ಭೂಮಿಯ ಆಕಾರದ ಆಧಾರ. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್‌ಗಳಿಗೆ ಆಧಾರ 1830ರ ಎವರೆಸ್ಟ್ ಗೋಳ, ಜಿಪಿಎಸ್‌ಗೆ ಡಬ್ಲ್ಯುಜಿಎಸ್84. ಹಳೆಯ ಶೀಟಿನಿಂದ ಓದಿದ ಅಂಕಿಯನ್ನು ನೇರ ಸೆಟ್ಟಿಗೆ ಹಾಕಿದರೆ ನಮ್ಮ ಕಡೆ ನೂರು ಮೀಟರಿಗಿಂತ ಹೆಚ್ಚು ತಪ್ಪುತ್ತದೆ. 2005ರ ನಕ್ಷಾ ನೀತಿಯ ನಂತರದ ಓಪನ್ ಸೀರೀಸ್ ಶೀಟ್‌ಗಳು ಡಬ್ಲ್ಯುಜಿಎಸ್84ರಲ್ಲೇ ಇವೆ, ಅಲ್ಲಿ ಈ ತಲೆನೋವಿಲ್ಲ. ಇನ್ನೊಂದು ವಾಟ್ಸಾಪ್ ಮೂಲಕ ಬರುವ ಲೊಕೇಶನ್. ಕಳಿಸಿದವರು 14 ಡಿಗ್ರಿ 30 ನಿಮಿಷ 45 ಸೆಕೆಂಡ್ ಅಂತ ಬರೆದಿರುತ್ತಾರೆ, ಪಡೆದವರು 30.45 ನಿಮಿಷ ಅಂತ ಒತ್ತುತ್ತಾರೆ. 45 ಸೆಕೆಂಡ್ ಅಂದರೆ 0.75 ನಿಮಿಷ. ಅಷ್ಟಕ್ಕೇ ಅರ್ಧ ಕಿಲೋಮೀಟರಿಗೂ ಮಿಕ್ಕಿ ದೂರ ಹೋಗುತ್ತೀರಿ, ಬೈಸಿಕೊಳ್ಳುವುದು ಮಾತ್ರ ಉಪಗ್ರಹ. ಯುಟಿಎಮ್ (ಡಿಗ್ರಿಯ ಬದಲು ವಲಯ ಮತ್ತು ಮೀಟರಿನಲ್ಲಿ ಜಾಗ ಹೇಳುವ ಪದ್ಧತಿ) ಬಳಸುವವರಿಗೆ ಒಂದು ಸೂಚನೆ: ಕರ್ನಾಟಕದ ಹೆಚ್ಚಿನ ಭಾಗ 43ನೇ ವಲಯದಲ್ಲಿದೆ, ಪೂರ್ವಕ್ಕೆ ಹೋದರೆ ಕೋಲಾರ ತಲುಪುವ ಸ್ವಲ್ಪ ಮೊದಲೇ 44 ಆಗುತ್ತದೆ.

ಸ್ಕ್ರೀನಿನಲ್ಲಿ ಕಾಣುವ ‘±3 ಮೀ’ ಅನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ. ಅದು ಸೆಟ್ ತನಗೆ ತಾನೇ ಕೊಟ್ಟುಕೊಂಡ ಮಾರ್ಕು. ಬಂಡೆಗೆ ಬಡಿದು ಬಂದ ಸಿಗ್ನಲ್ಲನ್ನು ನೇರದ್ದೆಂದು ನಂಬಿದ್ದರೆ ಆ ತಪ್ಪು ಈ ಅಂಕಿಯಲ್ಲಿ ಕಾಣುವುದೇ ಇಲ್ಲ. ಅದಕ್ಕಿಂತ ಉಪಗ್ರಹಗಳ ಪುಟ ತೆರೆದು ಅವು ಸುತ್ತಲೂ ಹರಡಿವೆಯೋ ಒಂದೇ ಸಾಲಿನಲ್ಲಿವೆಯೋ ನೋಡುವುದು ಮೇಲು.

ಅದೇ ಪುಟದಲ್ಲಿ ನಮ್ಮ ಗಗನ್ ಉಪಗ್ರಹಗಳೂ ಕಾಣುತ್ತವೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ವಿಮಾನಗಳಿಗಾಗಿ ಕಟ್ಟಿದ, ಜಿಪಿಎಸ್ ಲೆಕ್ಕದ ತಪ್ಪು ತಿದ್ದುವ ವ್ಯವಸ್ಥೆ, ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಸೆಟ್ಟಿನ ಮೆನುವಿನಲ್ಲಿ ಇದರ ಹೆಸರಿಲ್ಲ, ‘ವಾಸ್/ಇಗ್ನೋಸ್’ (ಅಮೆರಿಕ, ಯೂರೋಪಿನ ಇಂಥದೇ ವ್ಯವಸ್ಥೆಗಳ ಹೆಸರು) ಅನ್ನುವುದನ್ನು ಆನ್ ಮಾಡಬೇಕು. ಉತ್ತರ ಯೂರೋಪಿನವರಿಗೆ ಇಂಥ ಉಪಗ್ರಹ ದಿಗಂತದ ಕಡೆ ತಗ್ಗಿನಲ್ಲಿ ಸಿಕ್ಕರೆ ನಮಗೆ ಹೆಚ್ಚುಕಡಿಮೆ ತಲೆಯ ಮೇಲೇ ಇರುತ್ತದೆ. ಬಯಲಿನಲ್ಲಿ ಇದರಿಂದ ಪಾಯಿಂಟ್ ಬಿಗಿಯಾಗುವುದನ್ನು ಕಂಡಿದ್ದೇನೆ. ಕಣಿವೆಯ ಬಂಡೆಯ ತಪ್ಪಿಗೆ ಇದು ಏನೂ ಮಾಡಲಾರದು.

ಸಂಜೆಯ ಕಾಟ ನಮ್ಮಂಥ ಕಾಂತೀಯ ಸಮಭಾಜಕಕ್ಕೆ ಹತ್ತಿರದವರಿಗೆ ವಿಶೇಷ. ಸೂರ್ಯ ಮುಳುಗಿದ ಮೇಲೆ ಅಯಾನುಗೋಳ ಎಂಬ ವಾತಾವರಣದ ಮೇಲಿನ ಪದರದಲ್ಲಿ ಗುಳ್ಳೆಗಳಂತಹ ಏರುಪೇರು ಏಳುತ್ತವೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ, ಅದರಲ್ಲೂ ಸೌರ ಚಟುವಟಿಕೆ ಜೋರಾಗಿದ್ದ 2024ರಂತಹ ವರ್ಷಗಳಲ್ಲಿ, ತೆರೆದ ಗದ್ದೆಯಲ್ಲಿ ನಿಂತರೂ ಸಿಗ್ನಲ್ ಕಂಬಗಳು ಕುಣಿಯುತ್ತವೆ. ಮಿಡಿಕಾಲವೂ ಆ ಮಾರ್ಚ್ ಆಸುಪಾಸಿಗೇ ಬರುತ್ತದೆ! ಏಳೂವರೆ, ಎಂಟು ಗಂಟೆಗೆ ಹಾಕಿದ ಪಾಯಿಂಟನ್ನು ಮರುದಿನ ಹಗಲು ಮತ್ತೆ ನೋಡಿಯೇ ಇಟ್ಟುಕೊಳ್ಳಿ.

ಎತ್ತರದ ಅಂಕಿ ಬೇಕಾದವರು ಸೆಟ್ಟಿನ ಬ್ಯಾರೋಮೀಟರನ್ನು (ಗಾಳಿಯ ಒತ್ತಡದಿಂದ ಎತ್ತರ ಲೆಕ್ಕ ಹಾಕುವ ಭಾಗ) ಹೊರಡುವ ಮೊದಲು ಹೊಂದಿಸಿಕೊಳ್ಳಬೇಕು. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರ ಮಟ್ಟದಿಂದ ಎತ್ತರ ಬರೆದಿರುತ್ತದೆ, ಅದಕ್ಕಿಂತ ಅಗ್ಗದ ಬೆಂಚ್‌ಮಾರ್ಕ್ ಬೇರಿಲ್ಲ.

ಜಿಪಿಎಸ್ ಇದೆ ಅಂತ ಗೊತ್ತಾದರೆ ಊರವರು ಜಮೀನು ಅಳೆಯಲು ಕರೆಯುತ್ತಾರೆ. ಹೋಗಬೇಡಿ. ಹತ್ತು ಗುಂಟೆಯ ಚೌಕ ಜಾಗಕ್ಕೆ ಒಂದೊಂದು ಬದಿ ಸುಮಾರು 32 ಮೀಟರ್. ಒಂದೇ ಒಂದು ಬದಿ 3 ಮೀಟರ್ ಆಚೀಚೆ ಆದರೂ ಹತ್ತಿರ ಹತ್ತಿರ ಒಂದು ಗುಂಟೆ ಹೋಯಿತು, ಅಥವಾ ಬಂತು. ಎರಡೂ ಜಗಳಕ್ಕೆ ಸಾಕು. ಸೆಂಟಿಮೀಟರ್ ಲೆಕ್ಕ ಬೇಕಾದರೆ ಭೂಮಾಪಕರ ರೋವರ್ ಎಂಬ ನಿಖರ ಸೆಟ್ ಬರಬೇಕು.

ಸೆಟ್ಟಿನ ಸ್ವಂತ ದೋಷಗಳು ಹೇಳುವಷ್ಟಿಲ್ಲ. ಯುಎಸ್‌ಬಿ ಕಿಂಡಿಯ ರಬ್ಬರ್ ಮುಚ್ಚಳ ಸಡಿಲವಾಗಿ, ಮಳೆಗಾಲದಲ್ಲಿ ಗಾಜಿನೊಳಗೆ ಮಂಜು ಕಟ್ಟುತ್ತದೆ. ಬಿಡಿ ಮುಚ್ಚಳ ಸಿಗಲಿಲ್ಲ, ಸೈಕಲ್ ಟ್ಯೂಬಿನ ತುಂಡು ಕಟ್ಟಿದ್ದೇನೆ. ಫೋನಿಗಿಂತ ಮೇಲೇ? ಬಯಲಿನಲ್ಲಿ ಅಲ್ಲ. ಎಲ್1 ಜೊತೆ ಎಲ್5 ಎಂಬ ಇನ್ನೊಂದು ತರಂಗಾಂತರವನ್ನೂ ಹಿಡಿಯುವ ಈಗಿನ ಫೋನುಗಳು ಬಂಡೆಯ ಪ್ರತಿಫಲನವನ್ನೂ ಚೆನ್ನಾಗಿ ಸೋಸುತ್ತವೆ. ಆದರೆ ಸೋನೆ ಮಳೆಯಲ್ಲಿ ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಮಾತು ಕೇಳುವುದಿಲ್ಲ. ಈ ಬಟನ್ನುಗಳು ಕೇಳುತ್ತವೆ, ಸೆಲ್ ಮುಗಿದರೆ ಹೊಳೆ ಬದಿಯಲ್ಲೇ ಬದಲಿಸಬಹುದು. ಅದಕ್ಕಾಗಿ ಐದರಲ್ಲಿ ನಾಲ್ಕು ಕೊಡುತ್ತೇನೆ. ಇವತ್ತು ಹೊಸದು ಕೊಳ್ಳುವವರು ಎಲ್5 ಇರುವ ಸೆಟ್ಟನ್ನೇ ನೋಡಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವುದಿದ್ದರೆ ಮೊದಲು ತಾರೀಖು ನೋಡಿ. ಜಿಪಿಎಸ್‌ನ ವಾರದ ಎಣಿಕೆ 1024 ವಾರಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ, ಕಳೆದ ಸಲ ಮರಳಿದ್ದು 2019ರ ಏಪ್ರಿಲ್ 6ರಂದು. ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತಿದ್ದರೆ ಸಾಫ್ಟ್‌ವೇರ್ ಅಪ್‌ಡೇಟ್ ಸಿಗುತ್ತದೆಯೇ ಅಂತ ವಿಚಾರಿಸಿ, ಸಿಗದಿದ್ದರೆ ಎಷ್ಟೇ ಅಗ್ಗಕ್ಕೆ ಬಂದರೂ ಬಿಟ್ಟುಬಿಡಿ.