ಓಟಿಸ್ ರೆಡಿಂಗ್ ಕೇಳೋದಾದ್ರೆ 'ಓಟಿಸ್ ಬ್ಲೂ' ಇಂದಾನೇ ಶುರು ಮಾಡಿ

ಅಮೆರಿಕದ ಗಾಯಕ ಓಟಿಸ್ ರೆಡಿಂಗ್ ಅಂದ್ರೆ ತುಂಬಾ ಜನಕ್ಕೆ ಗೊತ್ತಿರೋದು ಆ ಕೊನೇಲಿ ಸಿಳ್ಳೆ ಹೊಡೆಯೋ 'ಡಾಕ್ ಆಫ್ ದ ಬೇ' ಒಂದೇ. ಒಳ್ಳೇ ಹಾಡೇ, ಆದ್ರೆ ಅದು ಅವ್ನು ತೀರ್ಕೊಂಡ್ಮೇಲೆ ಬಂದಿದ್ದು, ಅದ್ರಲ್ಲಿ ದನಿ ಎಷ್ಟು ಮೆತ್ತಗಿದೆ ಅಂದ್ರೆ ಅವ್ನ ತಾಕತ್ತು ಏನು ಅಂತ ಗೊತ್ತೇ ಆಗಲ್ಲ. ಅದು ಗೊತ್ತಾಗ್ಬೇಕಾದ್ರೆ 1965ರ 'ಓಟಿಸ್ ಬ್ಲೂ' ಆಲ್ಬಮ್ ಕೇಳಿ. ಸೋಲ್ ಮ್ಯೂಸಿಕ್ಕಲ್ಲಿ, ಅಂದ್ರೆ ಅಮೆರಿಕದ ಕಪ್ಪು ಜನ ಎದೆ ಬಿಚ್ಚಿ ಹಾಡೋ ಸಂಗೀತದಲ್ಲಿ, ನಂಗೆ ಇದಕ್ಕಿಂತ ಮೇಲೆ ಯಾವ್ದೂ ಇಲ್ಲ.

ಮೆಂಫಿಸ್‌ನಲ್ಲಿ ಹಳೇ ಸಿನಿಮಾ ಥಿಯೇಟರನ್ನೇ ಸ್ಟುಡಿಯೋ ಮಾಡ್ಕೊಂಡಿದ್ದ ಸ್ಟ್ಯಾಕ್ಸ್ ಅನ್ನೋ ರೆಕಾರ್ಡ್ ಕಂಪನೀಲಿ, ಜುಲೈ ತಿಂಗಳಲ್ಲಿ, ಹೆಚ್ಚುಕಮ್ಮಿ ಪೂರ್ತಿ ಆಲ್ಬಮ್ಮನ್ನ ಒಂದು ಹಗಲು ಒಂದು ರಾತ್ರೀಲಿ ಮುಗಿಸಿದ್ರು, ಅದೂ ಮಧ್ಯದಲ್ಲಿ ಬ್ಯಾಂಡ್‌ನವ್ರು ಬೇರೆ ಕಡೆ ಪ್ರೋಗ್ರಾಮ್ ಕೊಟ್ಟು ವಾಪಸ್ ಬಂದು ಕೂತ್ಕೊಂಡು. ಓಟಿಸ್‌ಗೆ ಆಗಿನ್ನೂ 23. ಆ ಅವಸರ ಹಾಡಲ್ಲಿ ಕೇಳ್ಸತ್ತೆ, ಆದ್ರೆ ಎಲ್ಲೂ ಕೆಲ್ಸ ಕೆಟ್ಟಿಲ್ಲ, ಸ್ಟೀವ್ ಕ್ರಾಪರ್ ಗಿಟಾರ್, ಡಕ್ ಡನ್ ಬೇಸ್, ಆಲ್ ಜಾಕ್ಸನ್ ಡ್ರಮ್ಸ್, ಇವ್ರು ಒಬ್ರೂ ಒಂದು ಸ್ವರ ಜಾಸ್ತಿ ನುಡಿಸಲ್ಲ. ಹೆಚ್ಚಿನ ಹಾಡಲ್ಲಿ ಹಿಂದೆ ದನಿ ಸೇರಿಸೋ ಹಾಡುಗಾರರೇ ಇಲ್ಲ, ಆ ಜಾಗದಲ್ಲಿ ಟ್ರಂಪೆಟ್ಟು ಸ್ಯಾಕ್ಸೋಫೋನು ಅವ್ನಿಗೆ ಉತ್ತರ ಕೊಡ್ತಾವೆ. ಆ ಹಾರ್ನ್ ಲೈನುಗಳ್ನ ಓಟಿಸ್ಸೇ ಬಾಯಲ್ಲಿ ಹಾಡಿ ತೋರಿಸಿ ನುಡಿಸ್ತಿದ್ದ.

'ಐವ್ ಬೀನ್ ಲವಿಂಗ್ ಯು ಟೂ ಲಾಂಗ್' ಬಗ್ಗೆ ಎಷ್ಟು ಹೇಳಿದ್ರೂ ಸಾಲಲ್ಲ. ತುಂಬಾ ನಿಧಾನ ಹಾಡು, ಬಿಟ್ಟೋಗ್ಬೇಡ ಅಂತ ಬೇಡ್ಕೊಳೋದು, ಅಷ್ಟೇ ವಿಷಯ. ಆದ್ರೆ ಅವ್ನು ಒಂದೊಂದು ಪದ ಎಳೆದು, ನಿಲ್ಸಿ, ಆ ನಿಲ್ಸಿದ್ ಜಾಗಕ್ಕೆ ಹಾರ್ನ್ಸ್ ಮೆಟ್ಟಿಲು ಹತ್ತಿದ ಹಾಗೆ ಮೇಲೇರಿ, ಕೊನೆಗೆ ಸಾಹಿತ್ಯ ಎಲ್ಲಾ ಬಿಟ್ಟು ಬರೀ ಗಂಟಲಲ್ಲೇ ಬೇಡ್ಕೊಳಕ್ ಶುರು ಮಾಡ್ತಾನಲ್ಲ, ಅಲ್ಲಿ ನಂಗೆ ಪ್ರತೀ ಸಲ ಮೈ ಜುಂ ಅನ್ನತ್ತೆ. ಇಷ್ಟು ಚಿಕ್ಕ ವಯಸ್ಸಲ್ಲಿ ಇಷ್ಟು ನೋವು ಎಲ್ಲಿಂದ ತಂದ ಗೊತ್ತಿಲ್ಲ.

'ರೆಸ್ಪೆಕ್ಟ್' ಗಾಯಕಿ ಅರೀತಾ ಫ್ರಾಂಕ್ಲಿನ್ ಹಾಡು ಅಂತಾನೇ ಎಲ್ರೂ ಅಂದ್ಕೊಂಡಿರೋದು, ಬರೆದೋನು, ಮೊದ್ಲು ಹಾಡಿದೋನು ಇವ್ನು, ಆಕೆ 1967ರಲ್ಲಿ ಹಾಡಿದ್ದು. ಆಕೇದು ಇದಕ್ಕಿಂತ ದೊಡ್ಡ ಹಾಡು, ಒಪ್ಕೋತೀನಿ, ಆದ್ರೂ ಇಲ್ಲಿರೋ ಡ್ರಮ್ಸ್ ವೇಗ ಬೇರೇನೇ. 1964ರ ಡಿಸೆಂಬರ್‌ನಲ್ಲಿ ಸತ್ತ ಸೋಲ್ ಗಾಯಕ ಸ್ಯಾಮ್ ಕುಕ್‌ದು ಮೂರು ಹಾಡಿದಾವೆ, ಗುರುವಿಗೆ ಗೌರವ ಸಲ್ಲಿಸಿದ ಹಾಗೆ, ಅದ್ರಲ್ಲಿ 'ಚೇಂಜ್ ಗಾನ ಕಮ್' ತಪ್ಪದೆ ಕೇಳಿ. ಕುಕ್ ಹಿಂದೆ ದೊಡ್ಡ ವಯಲಿನ್ ತಂಡ ಇತ್ತು, ಇಲ್ಲಿ ಅದ್ಯಾವ್ದೂ ಇಲ್ಲ, ದನಿ ಒರಟು, ಅದಕ್ಕೇ ಜಾಸ್ತಿ ತಟ್ಟತ್ತೆ. 'ಸ್ಯಾಟಿಸ್ಫ್ಯಾಕ್ಷನ್' ಆಗಷ್ಟೇ ಬಂದಿದ್ದ ರೋಲಿಂಗ್ ಸ್ಟೋನ್ಸ್ ಅನ್ನೋ ರಾಕ್ ಬ್ಯಾಂಡ್ ಹಾಡು, ಅದ್ರ ಗಿಟಾರ್ ತುಣುಕನ್ನ ಇಲ್ಲಿ ಹಾರ್ನ್ಸ್ ನುಡಿಸ್ತಾವೆ, ಮಜಾ ಇದೆ. 'ಮೈ ಗರ್ಲ್' ಮಾತ್ರ ಟೆಂಪ್ಟೇಷನ್ಸ್ ಅನ್ನೋ ಗುಂಪು ಹಾಡಿದ್ದೇ ವಾಸಿ.

ಕವರ್ ಮೇಲೆ ಓಟಿಸ್ ಮುಖ ಇಲ್ಲ, ಯಾರೋ ಬಿಳಿ ಹುಡುಗಿ ಫೋಟೋ ಹಾಕಿದಾರೆ, ಅದು ನೋಡಿದಾಗೆಲ್ಲ ಬೇಜಾರಾಗತ್ತೆ.

ಫೋನ್ ಸ್ಪೀಕರಲ್ಲಿ ಕೇಳ್ಬೇಡಿ, ಬೇಸ್ ಪೂರ್ತಿ ಮಾಯ ಆಗತ್ತೆ, ಹೆಡ್‌ಫೋನ್ ಹಾಕಿ, ಶಫಲ್ ಆಫ್ ಮಾಡಿ, ಹನ್ನೊಂದು ಹಾಡು ಅಷ್ಟೇ, ಅರ್ಧ ಗಂಟೆ ಚಿಲ್ರೆ. ಹಿಡಿಸಿದ್ರೆ ಮುಂದೆ 1966ರ 'ಡಿಕ್ಷನರಿ ಆಫ್ ಸೋಲ್' ಹಾಕಿ, 'ಟ್ರೈ ಎ ಲಿಟಲ್ ಟೆಂಡರ್‌ನೆಸ್' ಇರೋದು ಅದ್ರಲ್ಲೇ.