ಐದು ವರ್ಷ ಬಳಸಿದ ಪ್ರೊಜೆಕ್ಟರ್: ಫ್ಯಾನ್ ನಿಲ್ಲುವ ಮೊದಲಿನ ಮೂರು ನಿಮಿಷ

ಈ ಪ್ರೊಜೆಕ್ಟರ್ ಕೊಂಡು ಐದು ವರ್ಷ ತುಂಬಿತು. ರೆಸಲ್ಯೂಶನ್ ಎಷ್ಟು, ತೂಕ ಎಷ್ಟು, ಹಿಂದೆ ಯಾವ ಯಾವ ಪೋರ್ಟ್ ಇದೆ ಅನ್ನುವುದನ್ನೆಲ್ಲ ನೀವು ಈಗಾಗಲೇ ನೋಡಿರುತ್ತೀರಿ. ಅದನ್ನು ಬಿಡುತ್ತೇನೆ. ಇದು ಲ್ಯಾಂಪ್ ಇರುವ ಹಳೇ ತರಹದ ಡಿಎಲ್‌ಪಿ ಪ್ರೊಜೆಕ್ಟರ್, ಅಂದರೆ ಸಣ್ಣ ಸಣ್ಣ ಕನ್ನಡಿಗಳಿರುವ ಚಿಪ್‌ನಿಂದ ಚಿತ್ರ ಮೂಡಿಸುವಂಥದ್ದು. ಲೇಸರ್ ಇರುವುದನ್ನು ಕೊಳ್ಳುವಷ್ಟು ದುಡ್ಡು ಆಗ ಇರಲಿಲ್ಲ. ಕಂಪನಿಯ ಹೆಸರು ಹೇಳುವುದಿಲ್ಲ. ನಾನು ಮುಂದೆ ದೂರಲಿರುವ ಸಂಗತಿ ಬೇರೆ ಎಷ್ಟೋ ಪ್ರೊಜೆಕ್ಟರ್‌, ಟೀವಿಗಳಲ್ಲೂ ಇದೆ.

ನಾನಿದನ್ನು ಕೊಂಡಿದ್ದು ಶನಿವಾರ ರಾತ್ರಿಗಳಿಗಾಗಿ. ಆವತ್ತು ನಾವು ಐದಾರು ಜನ ಸೇರುತ್ತೇವೆ. ಒಂದೊಂದು ವಾರ ಒಬ್ಬೊಬ್ಬರ ಸರದಿ. ಸರದಿ ಬಂದವರು ತಮಗೆ ತುಂಬ ಇಷ್ಟವಾದ ಒಂದು ಸಿನಿಮಾ ತರಬೇಕು. ದೊಡ್ಡ ಹೆಸರಿನ ಸಿನಿಮಾ ಅಲ್ಲ, ತಮಗೆ ಇಷ್ಟವಾದದ್ದು. ಉಳಿದವರು ನಡುವೆ ಮಾತಾಡದೆ ಪೂರ್ತಿ ನೋಡಬೇಕು. ವಾದ ಏನಿದ್ದರೂ ಆಮೇಲೆ.

ಶುರು ಮಾಡುವ ಮುಂಚೆ ನನ್ನದೊಂದಿಷ್ಟು ಕೆಲಸ ಇರುತ್ತದೆ. ಮೇಜಿನ ಮೇಲೆ ಪೆನ್ಸಿಲ್‌ನಲ್ಲಿ ನಾಲ್ಕು ಗುರುತು ಹಾಕಿದ್ದೇನೆ. ಪ್ರೊಜೆಕ್ಟರ್‌ನ ಕಾಲುಗಳು ಸರಿಯಾಗಿ ಅಲ್ಲೇ ಕೂರಬೇಕು. ಚಿತ್ರ ಓರೆಯಾದರೆ ಕೀಸ್ಟೋನ್ ಗುಂಡಿ ಒತ್ತಿ ಸರಿ ಮಾಡಬಹುದು. ನಾನು ಒತ್ತುವುದಿಲ್ಲ. ಅದು ಚಿತ್ರವನ್ನು ಹಿಸುಕಿ ಚೌಕಕ್ಕೆ ಕೂರಿಸುತ್ತದೆ, ಅಕ್ಷರದ ಅಂಚು ಮಸುಕಾಗುತ್ತದೆ. ಮುಂದಿನ ಕಾಲಿನ ಕೆಳಗೆ ಒಂದು ತೆಳು ಪುಸ್ತಕ ಇಟ್ಟರೆ ಸಾಕು. ಆಮೇಲೆ ಲೆನ್ಸನ್ನು ಮೆತ್ತನೆಯ ಬಟ್ಟೆಯಲ್ಲಿ ಒಂದೇ ಸಲ ಒರೆಸುತ್ತೇನೆ. ಗುಂಡಿ ಒತ್ತಿದ ಮೇಲೆ ಪರದೆ ಮೊದಲು ಬೂದು ಬಣ್ಣಕ್ಕೆ ಬಂದು ನಿಧಾನವಾಗಿ ಬೆಳಗುತ್ತದೆ. ಆ ಅರ್ಧ ನಿಮಿಷದಲ್ಲಿ ಎಲ್ಲರ ಮಾತು ತಾನಾಗಿ ನಿಲ್ಲುತ್ತದೆ. ನನಗೆ ಅದು ಪ್ರತಿ ಸಲವೂ ಇಷ್ಟ.

ಆದರೆ ಈ ಯಂತ್ರದ ನಿಜವಾದ ಖುಷಿ ಇರುವುದು ಕೊನೆಯಲ್ಲಿ. ಆಫ್ ಮಾಡಿದರೆ ಇದು ತಕ್ಷಣ ಆರುವುದಿಲ್ಲ. ಲ್ಯಾಂಪ್ ವಿಪರೀತ ಕಾದಿರುತ್ತದೆ, ಹಾಗಾಗಿ ಬೆಳಕು ಹೋದ ಮೇಲೂ ಫ್ಯಾನ್ ಓಡುತ್ತಲೇ ಇರುತ್ತದೆ. ನನ್ನದರಲ್ಲಿ ಸುಮಾರು ಮೂರು ನಿಮಿಷ. ಅಷ್ಟರೊಳಗೆ ಪ್ಲಗ್ ಕೀಳಬಾರದು, ಹಾಗಾಗಿ ಯಾರೂ ಏಳುವುದಿಲ್ಲ. ಕತ್ತಲಲ್ಲಿ ಒಂದು ಸಣ್ಣ ದೀಪ ಮಿನುಗುತ್ತಿರುತ್ತದೆ. ಮೊದಲ ಮಾತು ಹುಟ್ಟುವುದು ಅಲ್ಲಿ. ಮುಖ ಕಾಣದ್ದರಿಂದ ಸಂಕೋಚ ಇರುವುದಿಲ್ಲ. "ನನಗೆ ಅಳು ಬಂತು" ಅಂತಲೂ ಹೇಳುತ್ತಾರೆ, "ಅರ್ಧಕ್ಕೇ ಬೇಜಾರಾಯಿತು" ಅಂತಲೂ ಹೇಳುತ್ತಾರೆ. ಕೆಲವು ತಿಂಗಳಲ್ಲಿ ಅದೇ ಒಂದು ನಿಯಮವಾಯಿತು: ಫ್ಯಾನ್ ನಿಲ್ಲುವವರೆಗೆ ಸಿನಿಮಾ ತಂದವರು ಬಾಯಿ ಬಿಡುವಂತಿಲ್ಲ. ತಮ್ಮ ಇಷ್ಟದ ಸಿನಿಮಾದ ಬಗ್ಗೆ ಉಳಿದವರು ಅನ್ನುವುದನ್ನು ಸುಮ್ನೆ ಕೇಳಬೇಕು. ಆಮೇಲೆ ಅವರ ಸರದಿ. ಈ ಮೂರು ನಿಮಿಷ ಇಲ್ಲದಿದ್ದರೆ ನಮ್ಮ ಶನಿವಾರಗಳು ಇಷ್ಟು ವರ್ಷ ನಡೆಯುತ್ತಿರಲಿಲ್ಲ ಅನ್ನಿಸುತ್ತದೆ.

ಅದೇ ಫ್ಯಾನ್ ಸಿನಿಮಾ ನಡೆಯುವಾಗ ಮಾತ್ರ ಕಾಟ. ಒಬ್ಬ ಗೆಳತಿ ತನ್ನ ಸರದಿಗೆ ನಿರ್ದೇಶಕಿ ಶಾಂತಾಲ್ ಅಕರ್‌ಮನ್ ಅವರ 'ಜಾನ್ ಡೀಲ್‌ಮನ್' ತಂದಿದ್ದಳು. 1975ರ ಚಿತ್ರ, 201 ನಿಮಿಷ. ಕ್ಯಾಮೆರಾ ಅಲುಗುವುದಿಲ್ಲ, ಹಿನ್ನೆಲೆ ಸಂಗೀತ ಇಲ್ಲ. ಒಬ್ಬ ಹೆಂಗಸು ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುವ ಸದ್ದು, ದೀಪದ ಸ್ವಿಚ್ಚಿನ ಸದ್ದು, ಇವೇ ಆ ಚಿತ್ರದ ಸಂಗೀತ. ಅದರ ಮೇಲೆ ನಮ್ಮ ಪ್ರೊಜೆಕ್ಟರ್‌ನ ಗುಂಯ್ ಗುಂಯ್. ಇಕೋ ಮೋಡ್‌ಗೆ ಹಾಕಿದರೆ ಬೆಳಕು ಸ್ವಲ್ಪ ಕಡಿಮೆಯಾಗಿ ಸದ್ದೂ ಇಳಿಯುತ್ತದೆ. ಮೆತ್ತಗಿನ ಚಿತ್ರಗಳಿಗೆ ಈಗ ಅದನ್ನೇ ಹಾಕುತ್ತೇನೆ.

ಆವತ್ತಿನ ವಾದ ಚೆನ್ನಾಗಿತ್ತು. ಇಬ್ಬರಿಗೆ ಚಿತ್ರ ಹಿಡಿಸಲಿಲ್ಲ. ಫ್ಯಾನ್ ನಿಂತ ಮೇಲೆ ಗೆಳತಿ, ಬ್ರಿಟನ್ನಿನ ಸಿನಿಮಾ ಪತ್ರಿಕೆ 'ಸೈಟ್ ಅಂಡ್ ಸೌಂಡ್' ಅತ್ಯುತ್ತಮ ಚಿತ್ರಗಳಿಗಾಗಿ 2022ರಲ್ಲಿ ನಡೆಸಿದ ಮತದಾನದಲ್ಲಿ ಇದಕ್ಕೇ ಮೊದಲ ಸ್ಥಾನ, 1,600ಕ್ಕೂ ಹೆಚ್ಚು ಜನ ಮತ ಹಾಕಿದ್ದರು ಅಂದಳು. ಇನ್ನೊಬ್ಬ ತಕ್ಷಣ ಹಿಡಿದುಕೊಂಡ. ಅದೇ ಪತ್ರಿಕೆಯ 1952ರ ಪಟ್ಟಿಯಲ್ಲಿ 'ಬೈಸಿಕಲ್ ಥೀವ್ಸ್' ಮೊದಲಿತ್ತು, 'ಸಿಟಿಜನ್ ಕೇನ್' ಮೊದಲ ಹತ್ತರಲ್ಲೂ ಇರಲಿಲ್ಲ. 1962ರಲ್ಲಿ ಅದೇ 'ಕೇನ್' ಮೇಲಕ್ಕೆ ಹೋಗಿ 2002ರ ಪಟ್ಟಿಯವರೆಗೂ ಅಲ್ಲೇ ಕೂತಿತು. "ಪಟ್ಟಿ ಬದಲಾಗುತ್ತೆ, ನಿನಗೆ ಯಾಕೆ ಇಷ್ಟ ಅಂತ ಹೇಳು" ಅಂದ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಮ್ಮ ಒಬ್ಬಳೇ ಇರುವಾಗ ಅಡುಗೆಮನೆಯಲ್ಲಿ ಹೇಗಿರುತ್ತಾಳೆ ಅಂತ ತಾನು ಯಾವತ್ತೂ ನೋಡಿಯೇ ಇರಲಿಲ್ಲ ಅಂದಳು. ಆಮೇಲೆ ಯಾರೂ ಪಟ್ಟಿಯ ಮಾತು ಎತ್ತಲಿಲ್ಲ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಗುಂಪಿನಲ್ಲಿ ಒಬ್ಬರು ಹಿರಿಯರಿದ್ದಾರೆ. ನಾವೆಲ್ಲ ಸರ್ ಅನ್ನುತ್ತೇವೆ. ಅವರ ಸರದಿಗೆ ಜಪಾನಿನ ನಿರ್ದೇಶಕ ಕುರೊಸಾವಾ ಅವರ 'ಸೆವೆನ್ ಸಮುರಾಯ್' ತಂದರು. 1954ರ ಚಿತ್ರ, 207 ನಿಮಿಷ. ದರೋಡೆಕೋರರಿಂದ ಒಂದು ಹಳ್ಳಿಯನ್ನು ಕಾಯಲು ಬರುವ ಏಳು ಸಮುರಾಯ್‌ಗಳ, ಅಂದರೆ ಕತ್ತಿ ಹಿಡಿದ ಯೋಧರ, ಕಥೆ. ಇಪ್ಪತ್ತರ ವಯಸ್ಸಿನಲ್ಲಿ ನೋಡಿ ಆವತ್ತು ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ. ನಮಗೆ ತೋರಿಸಬೇಕು ಅಂತ ತಿಂಗಳಿಂದ ಕಾದಿದ್ದರು.

ಚಿತ್ರ ಮುಗಿಯಿತು. ಫ್ಯಾನ್ ಓಡುತ್ತಿತ್ತು. ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬ, "ಯಾಕೋ ಟೀವಿ ಸೀರಿಯಲ್ ಥರ ಅನ್ನಿಸಿತು ಸರ್" ಅಂದ. ನನಗೂ ಹಾಗೇ ಅನ್ನಿಸಿತ್ತು. ಮಳೆಯಲ್ಲಿ ನಡೆಯುವ ಕೊನೆಯ ಕಾಳಗದಲ್ಲಿ ಕುದುರೆಗಳು ಜಾರಿದಂತೆ ಓಡುತ್ತಿದ್ದವು. ನಟರು ವೇಷ ಹಾಕಿಕೊಂಡು ಕೆಸರಲ್ಲಿ ಓಡಾಡುತ್ತಿರುವುದು ಎದ್ದು ಕಾಣುತ್ತಿತ್ತು. ಹಳೇ ಚಿತ್ರ ಅಲ್ವಾ, ಹಾಗೇ ಇರಬೇಕು ಅಂದುಕೊಂಡೆ. ನಾನೂ ಅದನ್ನೇ ಹೇಳಿದೆ. ಫ್ಯಾನ್ ನಿಂತ ಮೇಲೂ ಸರ್ ಏನೂ ಹೇಳಲಿಲ್ಲ. ಬೇಗ ಮನೆಗೆ ಹೊರಟರು. ಮುಂದಿನ ಎರಡು ಶನಿವಾರ ಬರಲಿಲ್ಲ.

ಕಾರಣ ಸಿಕ್ಕಿದ್ದು ನಾನು ಒಬ್ಬನೇ ಕೂತು, ನೂರು ಸಲ ನೋಡಿದ ಒಂದು ಚಿತ್ರವನ್ನು ಮತ್ತೆ ಹಾಕಿದಾಗ. ಅದೂ ಸೀರಿಯಲ್ ಥರ ಕಾಣುತ್ತಿತ್ತು. ಮೆನು ತೆಗೆದೆ. ಲ್ಯಾಂಪ್ ಹಳತಾಗಿ ಮಂಕಾಗಿದೆ ಅಂತ ನಾನು ಕೆಲವು ದಿನದ ಹಿಂದೆ ಸಿನಿಮಾ ಮೋಡ್ ಬಿಟ್ಟು ಜಾಸ್ತಿ ಬೆಳಕಿನ ಮೋಡ್‌ಗೆ ಬದಲಾಯಿಸಿದ್ದೆ. ಪ್ರತಿ ಮೋಡ್‌ಗೂ ಅದರದೇ ಸೆಟ್ಟಿಂಗ್. ಆ ಹೊಸ ಮೋಡ್‌ನಲ್ಲಿ ಚಲನೆಯನ್ನು ನಯ ಮಾಡುವ ಸೆಟ್ಟಿಂಗ್, ಅಂದರೆ ಮೋಷನ್ ಸ್ಮೂದಿಂಗ್, ಕಂಪನಿಯಿಂದಲೇ ಆನ್ ಆಗಿ ಬಂದಿತ್ತು. ಇದ್ದದ್ದು ಮೆನುವಿನ ಮೂರನೇ ಪುಟದಲ್ಲಿ. ಏನು ಮಾಡುತ್ತದೆ ಅಂತ ಹೇಳುವ ಒಂದು ಸಾಲೂ ಅಲ್ಲಿರಲಿಲ್ಲ.

ಅದು ಮಾಡುವುದು ಇಷ್ಟು. ಮಾತಿನ ಚಿತ್ರಗಳು ಬಂದ ಮೇಲೆ ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳಿಗೆ ನಿಂತಿತು. ಒಂದು ಫ್ರೇಮ್‌ಗೂ ಇನ್ನೊಂದಕ್ಕೂ ನಡುವೆ ಇರುವ ಸಣ್ಣ ನೆಗೆತ, ಆ ಮಸುಕು, ಇವೇ ನಮ್ಮ ಕಣ್ಣಿಗೆ ಸಿನಿಮಾ ಅನ್ನಿಸುವುದು. ಈ ಸೆಟ್ಟಿಂಗ್ ಎರಡು ಫ್ರೇಮ್‌ಗಳ ನಡುವೆ ತಾನೇ ಊಹಿಸಿ ಹೊಸ ಫ್ರೇಮ್ ತುರುಕುತ್ತದೆ. ಕ್ಯಾಮೆರಾ ಹಿಡಿಯದೇ ಇದ್ದ ಚಿತ್ರಗಳು ಅವು. 207 ನಿಮಿಷ ಅಂದರೆ ಸುಮಾರು 2,98,000 ಫ್ರೇಮ್. ಅಷ್ಟರ ನಡುವೆಯೂ ಯಂತ್ರ ಕೈ ಹಾಕಿದೆ. ಆಟದ ನೇರ ಪ್ರಸಾರಕ್ಕೆ ಇದು ಸರಿ ಇರಬಹುದು. ಸಿನಿಮಾಕ್ಕೆ ಬೇಡ. 2018ರಲ್ಲಿ ನಟ ಟಾಮ್ ಕ್ರೂಸ್, ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಸೇರಿ ಒಂದು ವಿಡಿಯೋ ಮಾಡಿ, ಮನೆಯಲ್ಲಿ ಸಿನಿಮಾ ನೋಡುವಾಗ ಇದನ್ನು ಆಫ್ ಮಾಡಿ ಅಂತ ಕೇಳಿಕೊಂಡಿದ್ದರು. ಮರುವರ್ಷ ಟೀವಿ ಕಂಪನಿಗಳು, ಸಿನಿಮಾ ಸ್ಟುಡಿಯೋಗಳೆಲ್ಲ ಸೇರಿರುವ ಯುಎಚ್‌ಡಿ ಅಲಯನ್ಸ್ ಅನ್ನುವ ಒಕ್ಕೂಟ 'ಫಿಲ್ಮ್‌ಮೇಕರ್ ಮೋಡ್' ಅಂತ ಒಂದನ್ನು ಪ್ರಕಟಿಸಿತು. ಅದು ಇರುವ ಟೀವಿಗಳಲ್ಲಿ ಆ ಮೋಡ್ ಹಾಕಿದರೆ ಈ ನಯಗಾರಿಕೆ ಆಫ್ ಆಗುತ್ತದೆ. ನನ್ನ ಪ್ರೊಜೆಕ್ಟರ್‌ನಲ್ಲಿ ಅದಿಲ್ಲ.

ನನಗೆ ಬೇಜಾರಾಗಿದ್ದು ಚಿತ್ರ ಕೆಟ್ಟದಾಗಿ ಕಂಡಿತು ಅಂತ ಮಾತ್ರ ಅಲ್ಲ. ಒಬ್ಬ ಮನುಷ್ಯ ನಲವತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದನ್ನು ತಂದು ನಮ್ಮ ಮುಂದೆ ಇಟ್ಟರು. ನಾವು ಆ ಚಿತ್ರವನ್ನೇ ನೋಡದೆ ಅದರ ಬಗ್ಗೆ ತೀರ್ಪು ಕೊಟ್ಟೆವು. ಆ ರಾತ್ರಿಯೇ ಸರ್‌ಗೆ ಫೋನ್ ಮಾಡಿದೆ. "ಸರ್, ತಪ್ಪು ನಿಮ್ಮ ಸಿನಿಮಾದ್ದಲ್ಲ, ನನ್ನ ಪ್ರೊಜೆಕ್ಟರ್‌ದು. ಇನ್ನೊಂದು ಸಲ ತನ್ನಿ" ಅಂದೆ. "ಮೂರೂವರೆ ಗಂಟೆ ಮತ್ತೆ ಯಾರು ಕೂರುತ್ತಾರಪ್ಪ?" ಅಂದರು. ಎಲ್ಲರೂ ಕೂತೆವು.

ಸಿನಿಮಾ ಮೋಡ್, ಸ್ಮೂದಿಂಗ್ ಆಫ್. ಹಿಂದಿನ ಸಲ ಪರದೆ ತುಂಬಲಿ ಅಂತ ಚಿತ್ರವನ್ನು ಹಿಗ್ಗಿಸಿದ್ದೆ, ತಲೆ ಕಾಲು ಕತ್ತರಿಸಿ ಹೋಗಿದ್ದವು. ಆ ಚಿತ್ರದ ಆಕಾರವೇ ಹೆಚ್ಚುಕಡಿಮೆ ಚೌಕ. ಈ ಸಲ ಎರಡೂ ಬದಿಗೆ ಕಪ್ಪು ಪಟ್ಟಿ ಬಿಟ್ಟೆ. ಮಳೆ ಶುರುವಾಯಿತು. ಕುರೊಸಾವಾ ಆ ಕಾಳಗವನ್ನು ಒಂದಕ್ಕಿಂತ ಹೆಚ್ಚು ಕ್ಯಾಮೆರಾ ಇಟ್ಟು ಒಟ್ಟಿಗೇ ಚಿತ್ರಿಸಿದ್ದರು. ಕೆಸರು, ಕುದುರೆ, ಬಿದಿರಿನ ಈಟಿ ಎಲ್ಲ ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಉಸಿರು ಬಿಗಿ ಹಿಡಿದು ಕೂತಿದ್ದೆ.

ಆಫ್ ಮಾಡಿದ ಮೇಲೆ ಕತ್ತಲಲ್ಲಿ ಮೊದಲು ಮಾತಾಡಿದವನು ಆ ಸೀರಿಯಲ್ ಅಂದವನೇ. "ಸತ್ತ ನಾಲ್ಕು ಸಮುರಾಯ್‌ಗಳಲ್ಲಿ ಒಬ್ಬರೂ ಕತ್ತಿಗೆ ಸಾಯಲಿಲ್ಲ. ನಾಲ್ವರೂ ಬಂದೂಕಿನ ಗುಂಡಿಗೇ ಸತ್ತರು" ಅಂದ. ಇನ್ನೊಬ್ಬಳು, ಹಾಗಾದರೆ ಗೆದ್ದವರು ಯಾರು ಅಂದಳು. ಫ್ಯಾನ್ ನಿಂತಿತು. ಸರ್ ಮಾತಾಡುವ ಸರದಿ. ಅವರು, "ಮುಂದುವರಿಸಿ, ಕೇಳ್ತಾ ಇದ್ದೀನಿ" ಅಂದರು. ದೀಪ ಹಾಕಲು ಯಾರೂ ಏಳಲಿಲ್ಲ.

ಇನ್ನೊಂದು ದೋಷವನ್ನೂ ಹೇಳಿಬಿಡುತ್ತೇನೆ. ಒಂದೇ ಚಿಪ್ ಇರುವ ಡಿಎಲ್‌ಪಿ ಕೆಂಪು, ಹಸಿರು, ನೀಲಿಯನ್ನು ಒಂದಾದ ಮೇಲೊಂದು ತೋರಿಸುತ್ತದೆ. ಕೆಲವರ ಕಣ್ಣಿಗೆ ಅದು ಬಣ್ಣದ ಮಿಂಚಿನಂತೆ ಕಾಣುತ್ತದೆ, ಕಪ್ಪುಬಿಳುಪಿನಲ್ಲಿ ಜಾಸ್ತಿ. ನಮ್ಮಲ್ಲಿ ಒಬ್ಬನಿಗೆ ಕತ್ತಿಯ ಅಂಚಿನಲ್ಲೆಲ್ಲ ಕಾಣುತ್ತದೆ, ನನಗೆ ಒಂದು ಸಲವೂ ಕಂಡಿಲ್ಲ. ಕೊಳ್ಳುವ ಮುಂಚೆ ಮನೆಯವರೆಲ್ಲ ಒಮ್ಮೆ ನೋಡಿ.

ಈಗ ಹೊಸ ಪ್ರೊಜೆಕ್ಟರ್ ಕೊಳ್ಳಬಹುದಿತ್ತು. ಗೆಳೆಯನ ಮನೆಯ ಲೇಸರ್ ಪ್ರೊಜೆಕ್ಟರ್‌ನಲ್ಲಿ ಒಂದು ಚಿತ್ರ ನೋಡಿದೆವು. ಚಿತ್ರ ಬಹಳ ಚೆನ್ನಾಗಿ ಕಂಡಿತು. ಮುಗಿದ ಕೂಡಲೇ ಅದು ಆರಿತು, ಅವನು ದೀಪ ಹಾಕಿದ, ಎಲ್ಲರೂ ಫೋನ್ ತೆಗೆದರು. ನಾನು ಹಳೆಯದಕ್ಕೇ ಹೊಸ ಲ್ಯಾಂಪ್ ತರಿಸಿದೆ. ಮೊನ್ನೆ ಹಾಕಿದ ಮೇಲೆ ಎಲ್ಲ ಮೋಡ್‌ಗಳಲ್ಲೂ ಮೂರನೇ ಪುಟಕ್ಕೆ ಹೋಗಿ ಆ ಸೆಟ್ಟಿಂಗ್ ಆಫ್ ಮಾಡಿದೆ. ಈ ಶನಿವಾರ ನನ್ನ ಸರದಿ.